ಅಪ್ಪನ ದೋಣಿ ಎಲ್ಲುಂಟು?

ಏಪ್ರಿಲ್ ತಿಂಗಳ ಒಂದು ಸಂಜೆ. ಜಗಲಿಯಲ್ಲಿ ಕುಳಿತು ಪೇಪರು ಓದುತ್ತಿದ್ದೆ. ಎದುರು ಮನೆಯ ಹುಡುಗಿ ಅಮ್ಮನ ಮೊಬೈಲು ಹಿಡಿದುಕೊಂಡು ಓಡಿ ಬಂದಳು. ಏಳನೇ ಕ್ಲಾಸಿನ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದಳು. ನಮ್ಮದು ಮಲ್ಪೆ. ಅವಳ ಅಪ್ಪನಿಗೆ ಒಂದು ಗಿಲ್‌ನೆಟ್ ಬೋಟು ಉಂಟು. ಆ ದಿನ ಅವರು ಆಳಸಮುದ್ರದಲ್ಲಿದ್ದರು.

“ಬ್ಯಾಂಕಿನ ಅಜ್ಜಾ, ಇಲ್ಲಿ ನೋಡಿ. ದೊಡ್ಡ ದೊಡ್ಡ ಹಡಗೆಲ್ಲ ಇದರಲ್ಲಿ ಕಾಣ್ತದೆ. ಹೆಸರು ಸಹ ಬರ್ತದೆ. ನಮ್ಮ ಅಪ್ಪನ ದೋಣಿ ಎಲ್ಲುಂಟು?”

ಕನ್ನಡಕ ಏರಿಸಿ ನೋಡಿದೆ. ಹಡಗುಗಳನ್ನು ತೋರಿಸುವ ಒಂದು ಆ್ಯಪ್. ಪಣಂಬೂರಿನ ಹೊರಗೆ ಲಂಗರು ಹಾಕಿದ್ದ ಹಡಗುಗಳು, ಮುಂಬಯಿ ಕಡೆಗೆ ಹೋಗುವವು, ಕೊಚ್ಚಿ ಕಡೆಗೆ ಹೋಗುವವು, ಎಲ್ಲವೂ ಸಣ್ಣ ಸಣ್ಣ ತ್ರಿಕೋನಗಳಾಗಿ ನಿಂತಿದ್ದವು. ಅವಳ ಅಪ್ಪನ ಬೋಟು ಇರಲಿಲ್ಲ. ಎಷ್ಟು ಹೊತ್ತು ಹುಡುಕಿದರೂ ಸಿಗುವಂತೆಯೂ ಇರಲಿಲ್ಲ.

ಮಕ್ಕಳೇ, ಆ ಹುಡುಗಿಯ ಪ್ರಶ್ನೆ ಕೇಳಿ ನನಗೆ ಒಳಗೇ ಚುರುಕ್ ಎಂದಿತು. ಎರಡು ತಿಂಗಳ ಹಿಂದೆ ಆ ಬೋಟಿಗೆ ಹಡಗುಗಳ ಸುಳಿವು ಹಿಡಿಯುವ ಒಂದು ಪುಟ್ಟ ಯಂತ್ರ ಕೂರಿಸುವಾಗ ಜೊತೆಗಿದ್ದವನು ನಾನು. ಅದರೊಂದಿಗೆ ಬಂದ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳಿದವನೂ ನಾನೇ. ಅದರಲ್ಲಿ ಮುಖ್ಯವಾದ ಒಂದು ಮಾತಿತ್ತು. ಅದನ್ನು ಓದಿದ್ದೆ, ಆದರೆ ಒತ್ತಿ ಹೇಳಿರಲಿಲ್ಲ. ಆ ಮನೆಯವರೆಲ್ಲ “ಇನ್ನು ನಮ್ಮ ಬೋಟು ಎಲ್ಲರಿಗೂ ಗೊತ್ತಾಗ್ತದೆ” ಎಂದು ನಂಬಿ ನಿಶ್ಚಿಂತೆಯಿಂದ ಮಲಗುತ್ತಿದ್ದರು.

ಮೊದಲು ಆ ಯಂತ್ರದ ವಿಷಯ ಹೇಳುತ್ತೇನೆ. ಸಮುದ್ರದಲ್ಲಿ ಹಡಗುಗಳು ಒಂದಕ್ಕೊಂದು ತಮ್ಮ ಗುರುತು ಹೇಳಿಕೊಳ್ಳುವ ಒಂದು ಏರ್ಪಾಡು ಇದೆ. ಅದಕ್ಕೆ ಎಐಎಸ್ ಎನ್ನುತ್ತಾರೆ. ಪ್ರತಿ ಹಡಗು “ನಾನು ಇಂಥವನು, ಇಂಥ ಜಾಗದಲ್ಲಿದ್ದೇನೆ, ಇಂಥ ದಿಕ್ಕಿಗೆ ಇಷ್ಟು ವೇಗದಲ್ಲಿ ಹೋಗುತ್ತಿದ್ದೇನೆ” ಎಂದು ರೇಡಿಯೋದಲ್ಲಿ ತಾನಾಗಿಯೇ ಕೂಗುತ್ತಾ ಇರುತ್ತದೆ. ನಾವು ಎಫ್‌ಎಂ ರೇಡಿಯೋವನ್ನು 88ರಿಂದ 108 ಮೆಗಾಹರ್ಟ್ಸ್ ನಡುವೆ ಕೇಳುತ್ತೇವಲ್ಲ, ಎಐಎಸ್ ಕೂಗುವುದು ಅದಕ್ಕಿಂತ ಮೇಲೆ, 161.975 ಮತ್ತು 162.025 ಮೆಗಾಹರ್ಟ್ಸ್ ಎಂಬ ಎರಡು ಚಾನೆಲ್‌ಗಳಲ್ಲಿ. ಅಂತರರಾಷ್ಟ್ರೀಯ ಯಾನ ಮಾಡುವ 300 ಟನ್ ಮತ್ತು ಅದಕ್ಕೆ ಮೇಲ್ಪಟ್ಟ ಹಡಗುಗಳಿಗೂ ಪ್ರಯಾಣಿಕರ ಹಡಗುಗಳಿಗೂ 2004ರ ಕೊನೆಯೊಳಗೆ ಇದು ಕಡ್ಡಾಯವಾಯಿತು.

ಇಷ್ಟೊಂದು ಹಡಗುಗಳು ಒಟ್ಟಿಗೆ ಕೂಗಿದರೆ ಗದ್ದಲವಾಗುವುದಿಲ್ಲವೇ? ಇಲ್ಲಿ ನಮ್ಮ ಬ್ಯಾಂಕಿನ ಟೋಕನ್ ನೆನಪಾಗುತ್ತದೆ. ಹಿಂದೆ ಹಣ ತೆಗೆಯಲು ಬಂದವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ನಂಬರು ಕರೆದಾಗ ಮಾತ್ರ ಕೌಂಟರಿಗೆ ಬರಬೇಕು. ಎಐಎಸ್‌ನಲ್ಲೂ ಹಾಗೆಯೇ. ಒಂದು ನಿಮಿಷವನ್ನು 2,250 ಚೂರು ಮಾಡಿದ್ದಾರೆ. ಒಂದೊಂದು ಚೂರೂ ಒಂದೊಂದು ಟೋಕನ್. ದೊಡ್ಡ ಹಡಗಿನ ಯಂತ್ರ ಮಾತಾಡುವಾಗಲೇ “ನನ್ನ ಮುಂದಿನ ಸರದಿ ಇಂಥ ಚೂರಿನಲ್ಲಿ” ಎಂದು ಕಾದಿರಿಸಿಕೊಳ್ಳುತ್ತದೆ. ಉಳಿದವು ಅದನ್ನು ಕೇಳಿಸಿಕೊಂಡು ಆ ಚೂರು ಬಿಟ್ಟು ಬೇರೆ ಆರಿಸಿಕೊಳ್ಳುತ್ತವೆ. ಟೋಕನ್ ಹಂಚುವ ಗುಮಾಸ್ತ ಯಾರೂ ಇಲ್ಲ, ಆದರೂ ಕ್ಯೂ ಕೆಡುವುದಿಲ್ಲ! ನಲವತ್ತು ವರ್ಷ ಕೌಂಟರಿನಲ್ಲಿ ಕುಳಿತವನಿಗೆ ಇದು ಎಷ್ಟು ಖುಷಿ ಕೊಟ್ಟಿತೆಂದು ಹೇಳಲಾರೆ.

ಈಗ ನಮ್ಮ ಬೋಟಿನ ಕಥೆಗೆ ಬರೋಣ. ಗಿಲ್‌ನೆಟ್ ಬೋಟಿನವರು ಕತ್ತಲಾದ ಮೇಲೆ ನೀರಿನಲ್ಲಿ ಗೋಡೆಯ ಹಾಗೆ ಬಲೆ ಇಳಿಬಿಟ್ಟು, ಅದರ ಜೊತೆಗೇ ತೇಲುತ್ತಾ ಇರುತ್ತಾರೆ. ಆಗ ದೊಡ್ಡ ಹಡಗೊಂದು ನೇರ ಬಂದರೆ ಬಲೆ ಎಳೆದುಕೊಂಡು ಓಡುವುದು ಸುಲಭವಲ್ಲ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನ ಹೊರಗೆ ಆಳಸಮುದ್ರದಲ್ಲಿ ಕೇರಳದ ಬೇಪೂರಿನಿಂದ ಹೊರಟಿದ್ದ ಮೀನುಗಾರಿಕಾ ಬೋಟಿಗೂ ಒಂದು ಸರಕು ಹಡಗಿಗೂ ಡಿಕ್ಕಿಯಾಗಿದ್ದು ಹಿರಿಯರಿಗೆ ನೆನಪಿರಬಹುದು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಜೀವಂತ ಸಿಕ್ಕಿದ್ದು ಇಬ್ಬರು. ಆ ಸುದ್ದಿ ಬಂದಂದಿನಿಂದ ಹುಡುಗಿಯ ತಾಯಿಗೆ ಹೆದರಿಕೆ. ಆ ಹೆದರಿಕೆಗೆ ಮದ್ದೆಂದು ಅವಳ ಅಪ್ಪ ಈ ಫೆಬ್ರವರಿಯಲ್ಲಿ ಎಐಎಸ್ ಡಬ್ಬಿಯೊಂದನ್ನು ತರಿಸಿದ. ಬೆಲೆ 10,000 ರೂಪಾಯಿಯ ಒಳಗೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ.

ಬೋಟಿನಲ್ಲಿ ಆಗಲೇ ಜಿಪಿಎಸ್ ನಕ್ಷೆ ತೋರಿಸುವ ಪರದೆ ಇತ್ತು. ಡಬ್ಬಿಯಿಂದ ಬರುವ ಎರಡು ತಂತಿಗಳನ್ನು ಆ ಪರದೆಯ ಹಿಂಬದಿಯ ತಂತಿಗಳಿಗೆ ಜೋಡಿಸಿದರೆ ಹಡಗುಗಳು ನಕ್ಷೆಯ ಮೇಲೆ ಮೂಡಬೇಕು. ಮೆಕ್ಯಾನಿಕ್ ಜೋಡಿಸಿದ. ಏನೂ ಮೂಡಲಿಲ್ಲ. ತಂತಿ ಅದಲು ಬದಲು ಮಾಡಿದ. ಊಹೂಂ. “ಮಾಲೇ ಹಾಳು, ವಾಪಸು ಕಳಿಸಿ” ಎಂದು ಹೇಳಿ ಹೋದ. ಆಮೇಲೆ ಅವಳ ಅಪ್ಪ ಪುಸ್ತಕ ತಂದು ನನ್ನ ಕೈಗಿಟ್ಟ. “ರಾಯರೇ, ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ನೋಡಿ ಮಾರಾಯ್ರೆ.”

ಎರಡು ದಿನ ಓದಿದೆ. ತಪ್ಪು ಸಿಕ್ಕಿತು. ಹಡಗಿನ ಉಪಕರಣಗಳು ಒಂದರೊಡನೊಂದು ಮಾತಾಡುವ ಹಳೆಯ ಪದ್ಧತಿಯಲ್ಲಿ ವೇಗ ಸೆಕೆಂಡಿಗೆ 4,800 ಬಿಟ್. ಎಐಎಸ್ ಮಾತಾಡುವ ವೇಗ 38,400. ಲೆಕ್ಕ ಹಾಕಿ, ಎಂಟು ಪಟ್ಟು! ಪರದೆಯ ಸೆಟ್ಟಿಂಗ್ 4,800ರಲ್ಲೇ ಇತ್ತು. ಹರಿಕಥೆಯ ನಿಧಾನಕ್ಕೆ ಒಗ್ಗಿದ ಕಿವಿಗೆ ಹರಾಜು ಕೂಗುವವನ ಮಾತು ಕೇಳಿಸಿದಂತೆ, ಅದಕ್ಕೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಮೆನುವಿಗೆ ಹೋಗಿ 38,400 ಮಾಡಿದೆವು. ಅರ್ಧ ನಿಮಿಷದೊಳಗೆ ಪರದೆಯ ಮೇಲೆ ಒಂದು ತ್ರಿಕೋನ ಮೂಡಿತು.

ಇನ್ನೊಂದು ಅಪಾಯವೂ ಆ ಪುಸ್ತಕ ಓದಿದ್ದರಿಂದ ತಪ್ಪಿತು. ಬೋಟಿನ ವಯರ್‌ಲೆಸ್‌ಗೆ ಒಂದು ಆಂಟೆನಾ ಇತ್ತು. ಖರ್ಚು ಉಳಿಸಲು ಅದರ ತಂತಿಯನ್ನೇ ಕತ್ತರಿಸಿ ಎರಡಕ್ಕೂ ಕೊಟ್ಟುಬಿಡೋಣ ಎಂದು ಮೆಕ್ಯಾನಿಕ್ ಹೇಳಿದ್ದ. ವಯರ್‌ಲೆಸ್‌ನಲ್ಲಿ ಮಾತಾಡುವಾಗ 25 ವ್ಯಾಟ್ ಶಕ್ತಿ ಹೊರಡುತ್ತದೆ. ಅದು ಆ ಪುಟ್ಟ ಡಬ್ಬಿಯೊಳಗೆ ನುಗ್ಗಿದರೆ ಡಬ್ಬಿ ಸುಟ್ಟೇ ಹೋಗುತ್ತದೆ. ಹಂಚಿಕೊಳ್ಳಲೇಬೇಕಿದ್ದರೆ ಅದಕ್ಕೆಂದೇ ಮಾಡಿದ ಸ್ಪ್ಲಿಟರ್ ಬೇಕು. ನಾವು ಬೇರೆ ಆಂಟೆನಾವನ್ನೇ ಹಾಕಿಸಿದೆವು, ಆದಷ್ಟು ಎತ್ತರದಲ್ಲಿ.

ಎತ್ತರ ಯಾಕೆಂದರೆ, ಈ ರೇಡಿಯೋ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಭೂಮಿಯೋ ದುಂಡಗಿದೆ. ದೊಡ್ಡ ಕ್ಲಾಸಿನ ಮಕ್ಕಳು ಈ ಲೆಕ್ಕ ಮಾಡಬಹುದು. ಎರಡೂ ಕಡೆಯ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ಬರೆದು, ಒಂದೊಂದರ ವರ್ಗಮೂಲ ತೆಗೆದು ಕೂಡಿಸಿ, 2.2ರಿಂದ ಗುಣಿಸಿ. ಎಷ್ಟು ನಾಟಿಕಲ್ ಮೈಲಿ ದೂರದವರೆಗೆ ಕೇಳಿಸಬಹುದೆಂಬ ಅಂದಾಜು ಸಿಗುತ್ತದೆ. ನಮ್ಮ ಬೋಟಿನ ಆಂಟೆನಾ 4 ಮೀಟರ್ ಎತ್ತರದಲ್ಲಿದೆ, ಹಡಗಿನದ್ದು 36 ಮೀಟರ್ ಎಂದಿಟ್ಟುಕೊಳ್ಳಿ. ವರ್ಗಮೂಲ 2 ಮತ್ತು 6, ಒಟ್ಟು 8. ಅದನ್ನು 2.2ರಿಂದ ಗುಣಿಸಿದರೆ 17.6 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಗಂಟೆಗೆ 15 ನಾಟಿಕಲ್ ಮೈಲಿ ವೇಗದಲ್ಲಿ ಬರುವ ಹಡಗು ಆ ದೂರ ಕ್ರಮಿಸಲು 70 ನಿಮಿಷ ಬೇಕು. ಅಂದರೆ ಒಂದು ಗಂಟೆಗೂ ಮೊದಲೇ ಸುಳಿವು! ಹಡಗು ನಮಗೆ ಎಷ್ಟು ಹತ್ತಿರದಿಂದ, ಎಷ್ಟು ನಿಮಿಷದ ಬಳಿಕ ಹಾದುಹೋಗುತ್ತದೆಂದು ಪರದೆಯೇ ಲೆಕ್ಕ ಹಾಕಿ, ತೀರಾ ಹತ್ತಿರವೆಂದಾದರೆ ಅಲಾರಂ ಬಾರಿಸುತ್ತದೆ. ಹಡಗಿನ ಹೆಸರು ಗೊತ್ತಿರುವುದರಿಂದ ವಯರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಹೆಸರು ಹಿಡಿದೇ ಕರೆಯಬಹುದು. “ಓಯ್ ಹಡಗಿನವರೇ” ಎಂದು ಕೂಗಿದರೆ ಯಾರು ತಿರುಗಿ ನೋಡುತ್ತಾರೆ?

ಇಷ್ಟೆಲ್ಲ ಸರಿಯಾಯಿತು. ನಾವೆಲ್ಲ ಸಂಭ್ರಮಪಟ್ಟೆವು. ಆದರೆ ನಾನು ಒತ್ತಿ ಹೇಳದೆ ಬಿಟ್ಟ ಮಾತು ಇದು: ಆ ಡಬ್ಬಿಗೆ ಕಿವಿ ಇದೆ, ಬಾಯಿ ಇಲ್ಲ. ಹಡಗುಗಳು ಕೂಗುವುದನ್ನು ಅದು ಕೇಳುತ್ತದೆ. “ನಾನಿಲ್ಲಿದ್ದೇನೆ” ಎಂದು ತಾನು ಕೂಗುವುದಿಲ್ಲ. ಅವಳ ಅಪ್ಪನಿಗೆ ಹಡಗು ಕಾಣುತ್ತಿತ್ತು. ಹಡಗಿನ ಎಐಎಸ್ ಪರದೆಯಲ್ಲಿ ಅವಳ ಅಪ್ಪ ಇರಲಿಲ್ಲ.

ಹುಡುಗಿಗೆ ಇದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ರಾತ್ರಿ ಅಪ್ಪನಿಗೆ ನಿದ್ದೆ ಬಂದರೆ?” ಎಂದಳು.

ನನ್ನಲ್ಲಿ ಉತ್ತರ ಇರಲಿಲ್ಲ.

ನಾಲ್ಕು ದಿನ ಬಿಟ್ಟು ಬೋಟು ಧಕ್ಕೆಗೆ ಬಂತು. ಆ ರಾತ್ರಿಯೇ ಅವರ ಮನೆಗೆ ಹೋಗಿ, “ಹೇಳಬೇಕಾದ್ದನ್ನು ನಾನು ಆಗಲೇ ಸರಿಯಾಗಿ ಹೇಳಲಿಲ್ಲ, ತಪ್ಪಾಯಿತು” ಎಂದೆ. ಹುಡುಗಿಯ ಅಜ್ಜನೂ ಅಲ್ಲಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಬೋಟಿನ ಸಾಲದ ಕಂತು ಕಟ್ಟಲು ತಿಂಗಳು ತಿಂಗಳು ನಮ್ಮ ಶಾಖೆಗೆ ಬರುತ್ತಿದ್ದವರು.

ಬಾಯಿಯೂ ಇರುವ ಯಂತ್ರ ಸಿಗುತ್ತದೆ. ಸಣ್ಣ ದೋಣಿಗಳಿಗೆಂದೇ ಮಾಡಿದ್ದಕ್ಕೆ ಕ್ಲಾಸ್ ಬಿ ಎನ್ನುತ್ತಾರೆ. ದೊಡ್ಡ ಹಡಗಿನದ್ದು ಕ್ಲಾಸ್ ಎ, ಅದು 12.5 ವ್ಯಾಟ್ ಶಕ್ತಿಯಲ್ಲಿ, ಚಲಿಸುವಾಗ ಕೆಲವೇ ಸೆಕೆಂಡಿಗೊಮ್ಮೆ ಕೂಗುತ್ತದೆ. ಸಾಮಾನ್ಯ ಕ್ಲಾಸ್ ಬಿ ಯಂತ್ರದ ಶಕ್ತಿ 2 ವ್ಯಾಟ್. ಓಡುವಾಗ 30 ಸೆಕೆಂಡಿಗೊಮ್ಮೆ, ನಿಂತಿರುವಾಗ ಅಥವಾ ಮೆಲ್ಲಗೆ ತೇಲುವಾಗ 3 ನಿಮಿಷಕ್ಕೊಮ್ಮೆ ಕೂಗುತ್ತದೆ. ಅದಕ್ಕೆ ಕಾದಿರಿಸಿದ ಟೋಕನ್ ಇಲ್ಲ. ಕೌಂಟರ್ ಖಾಲಿ ಇದೆಯೇ ಎಂದು ಇಣುಕಿ ನೋಡಿ, ಖಾಲಿ ಇದ್ದರೆ ಚುಟುಕಾಗಿ ಮಾತು ಮುಗಿಸುವ ಸಂಕೋಚದ ಗಿರಾಕಿಯ ಹಾಗೆ. ಆದರೂ ಹಡಗಿನ ಪರದೆಗೆ ಅದು ತಲುಪುತ್ತದೆ.

ಅವಳ ಅಪ್ಪ ಎರಡು ಆಕ್ಷೇಪ ಎತ್ತಿದ. ಮೊದಲನೆಯದು ದುಡ್ಡು. ಅವನಿಗೆ ಸಿಕ್ಕಿದ ಕೊಟೇಶನ್ 50,000 ದಾಟಿತ್ತು. ಎರಡನೆಯದು ನನಗೆ ಹೊಳೆದೇ ಇರಲಿಲ್ಲ. “ರಾಯರೇ, ನನ್ನ ಬೋಟು ಎಲ್ಲುಂಟು ಅಂತ ಹಡಗಿಗೆ ಗೊತ್ತಾದರೆ ಉಳಿದ ಬೋಟಿನವರಿಗೂ ಗೊತ್ತಾಗ್ತದೆ. ಮೀನು ಸಿಕ್ಕಿದ ಜಾಗವನ್ನು ಊರಿಗೆಲ್ಲ ಡಂಗುರ ಹೊಡೆದ ಹಾಗೆ ಆಗುವುದಿಲ್ಲವಾ?”

ಇದು ಸುಳ್ಳಲ್ಲ. ಮೀನಿನ ಜಾಗವೆಂದರೆ ಅವರ ಬಂಡವಾಳ. ನಾನು ಸುಮ್ಮನಾದೆ. ಸರಕಾರದ ಉಪಗ್ರಹ ಯಂತ್ರ ಬಂದರೆ ಸಾಕಲ್ಲ ಎಂದೂ ಅವನು ಕೇಳಿದ. 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿಯವರು ಚಾಲನೆ ಕೊಟ್ಟ ಯೋಜನೆ ಅದು. ಇಸ್ರೋ ತಯಾರಿಸಿದ ತಂತ್ರಜ್ಞಾನ. ಕರಾವಳಿಯ 1 ಲಕ್ಷ ದೋಣಿಗಳಿಗೆ ಅಳವಡಿಸುವ ಗುರಿ. ಬಹಳ ಉಪಕಾರದ್ದು. ಆಪತ್ತು ಬಂದಾಗ ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ದಡಕ್ಕೆ ಸುದ್ದಿ ಮುಟ್ಟುತ್ತದೆ. 2018ರ ಡಿಸೆಂಬರ್‌ನಲ್ಲಿ ನಮ್ಮ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು 7 ಮಂದಿಯೊಂದಿಗೆ ಕಣ್ಮರೆಯಾಗಿ, ಅದರ ಅವಶೇಷ ಪತ್ತೆಯಾಗಲು ಮರುವರ್ಷದ ಮೇ ತಿಂಗಳಾಯಿತು. ಅಂಥ ಕಾಯುವಿಕೆ ಯಾರಿಗೂ ಬೇಡ. ಆದರೆ ಆ ಯಂತ್ರ ಮಾತಾಡುವುದು ಉಪಗ್ರಹದ ಮೂಲಕ ದಡದವರೊಡನೆ. ಎರಡು ಮೈಲಿ ಆಚೆ ಎದುರು ಬರುತ್ತಿರುವ ಹಡಗಿನ ಪರದೆಗೆ ನೇರವಾಗಿ ಹೇಳುವುದು ಎಐಎಸ್. ಎರಡರ ಕೆಲಸ ಬೇರೆ ಬೇರೆ.

ಆಗ ಅಜ್ಜ ಬಾಯಿಬಿಟ್ಟರು. “ಅದನ್ನು ಬಂದ್ ಮಾಡುವ ಸ್ವಿಚ್ ಇಲ್ಲವಾ?”

ಇದೆ. ಕೇಳುವುದನ್ನು ಮುಂದುವರಿಸಿ, ಕೂಗುವುದನ್ನು ಮಾತ್ರ ನಿಲ್ಲಿಸುವ ಸ್ವಿಚ್ ಅನೇಕ ಯಂತ್ರಗಳಲ್ಲಿದೆ.

“ಹಾಗಾದರೆ ಹಗಲಲ್ಲಿ ನೀನು ಬೇಕಾದ್ದು ಮಾಡು. ಬಲೆ ಬಿಟ್ಟ ರಾತ್ರಿ ಆ ಸ್ವಿಚ್ ಮುಟ್ಟಬಾರದು. ಮೀನು ನಾಳೆಯೂ ಸಿಕ್ಕೀತು.” ಅಷ್ಟು ಹೇಳಿ ಅವರು ಎದ್ದು ಒಳಗೆ ಹೋದರು. ಮಾತು ಅಲ್ಲಿಗೇ ಮುಗಿಯಿತು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಮಳೆಗಾಲದಲ್ಲಿ ಹೊಸ ಯಂತ್ರ ಬಂತು. ಅದಕ್ಕೆ ಕೇಳುವ ಕಿವಿಯೂ ಇರುವುದರಿಂದ ಹಳೆಯ ಡಬ್ಬಿ ಹಾಳಾಗಲಿಲ್ಲ, ಹುಡುಗಿಯ ಚಿಕ್ಕಪ್ಪನ ಬೋಟಿಗೆ ಹೋಯಿತು.

ಕೂಗುವ ಯಂತ್ರಕ್ಕೆ ಒಂದು ನಂಬರು ಬೇಕು. ಎಂಎಂಎಸ್‌ಐ ಎಂದು ಹೆಸರು. 9 ಅಂಕಿ. ಭಾರತದ ದೋಣಿ, ಹಡಗುಗಳದ್ದು 419ರಿಂದ ಶುರುವಾಗುತ್ತದೆ. ಅದನ್ನು ಸರಕಾರದಿಂದಲೇ ಪಡೆಯಬೇಕು. ಮನಸ್ಸಿಗೆ ಬಂದ ನಂಬರು ಹಾಕುವುದಾಗಲಿ, ಬೇರೆ ಬೋಟಿನದ್ದನ್ನು ಹಾಕುವುದಾಗಲಿ ಕೂಡದು. ಇಬ್ಬರಿಗೆ ಒಂದೇ ಖಾತೆ ನಂಬರು ಕೊಟ್ಟರೆ ಏನಾದೀತು ಯೋಚಿಸಿ! ಈ ಕಾಗದಪತ್ರಕ್ಕೆ ಅಲೆದದ್ದರಲ್ಲಿ ನನ್ನ ಪಾಲೂ ಸ್ವಲ್ಪ ಇದೆ. ಯಾವ ಅರ್ಜಿ, ಯಾವ ಕಚೇರಿ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಂಡು, ಆಮೇಲೆ ಯಂತ್ರ ಕೊಳ್ಳುವುದು ಒಳ್ಳೆಯದು.

ನಂಬರನ್ನು ಯಂತ್ರಕ್ಕೆ ತುಂಬುವ ದಿನ ನನ್ನನ್ನೂ ಕರೆದರು. ಹೆಚ್ಚಿನ ಯಂತ್ರಗಳಲ್ಲಿ ಒಮ್ಮೆ ತುಂಬಿದ ನಂಬರನ್ನು ನಾವಾಗಿ ತಿದ್ದಲು ಬರುವುದಿಲ್ಲ. ಡಿಮಾಂಡ್ ಡ್ರಾಫ್ಟ್ ಬರೆಯುವಾಗಿನ ಹಳೆಯ ಅಭ್ಯಾಸದಂತೆ ನಾನು ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದೆ. ಹುಡುಗಿ ಕಾಗದ ನೋಡಿಕೊಂಡು “ಸರಿ, ಸರಿ” ಎಂದಳು. ಆಮೇಲೆ ಅವಳು ಓದಿದಳು, ನಾನು “ಸರಿ” ಎಂದೆ. ಆ ಬಳಿಕವೇ ಮೆಕ್ಯಾನಿಕ್ ಗುಂಡಿ ಒತ್ತಿದ.

ಪರೀಕ್ಷೆ ಮಾಡುವುದು ಹೇಗೆ? ಮೊಬೈಲ್ ಆ್ಯಪ್ ನಂಬುವಂತಿಲ್ಲ. ಅದು ದಡದಲ್ಲಿ ಯಾರೋ ಇಟ್ಟ ಯಂತ್ರಗಳಿಗೆ ಕೇಳಿಸಿದ್ದನ್ನು ಇಂಟರ್‌ನೆಟ್ ಮೂಲಕ ತಂದು ತೋರಿಸುತ್ತದೆ. ಹತ್ತಿರ ಅಂಥ ಯಂತ್ರ ಇಲ್ಲದಿದ್ದರೆ ಬೋಟು ಕೂಗುತ್ತಿದ್ದರೂ ಕಾಣದು. ಕಂಡರೂ ತಡವಾಗಿ ಕಂಡೀತು. ಮನೆಯಲ್ಲಿ ಕುಳಿತು ಕುತೂಹಲಕ್ಕೆ ನೋಡಲು ಅಡ್ಡಿಯಿಲ್ಲ. ಸಮುದ್ರದಲ್ಲಿ ಅದನ್ನು ನೆಚ್ಚಿಕೊಂಡು ಬೋಟು ನಡೆಸಬಾರದು.

ಇನ್ನೊಂದು ಮಾತು. ಈ ಸಲ ಮರೆಯದೆ ಹೇಳುತ್ತೇನೆ. ಪರದೆ ಖಾಲಿ ಇದೆ ಎಂದರೆ ಸಮುದ್ರ ಖಾಲಿ ಎಂದಲ್ಲ. ಎಐಎಸ್ ಇಲ್ಲದ ನಾಡದೋಣಿಗಳು, ಸ್ವಿಚ್ ಬಂದ್ ಮಾಡಿದವರು, ಆ ಪರದೆಯಲ್ಲಿ ಬರುವುದೇ ಇಲ್ಲ. ಹಡಗಿನವರು ಪರದೆ ನೋಡುತ್ತಲೇ ಇರುತ್ತಾರೆ ಎಂಬ ಖಾತ್ರಿಯೂ ಇಲ್ಲ. ಬಲೆ ಬಿಟ್ಟ ಬೋಟು ಮೇಲೆ ಕೆಂಪು, ಕೆಳಗೆ ಬಿಳಿ ದೀಪ ಉರಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಎಂದಿನಂತೆ ಇದೆ. ಒಬ್ಬನಾದರೂ ಎಚ್ಚರ ಇರಬೇಕೆಂಬುದೂ ಹಾಗೆಯೇ. ಆಪತ್ತಿನಲ್ಲಿ ಕೋಸ್ಟ್ ಗಾರ್ಡ್‌ನ ಉಚಿತ ದೂರವಾಣಿ 1554. ಮೀನುಗಾರರ ಮನೆಗಳಲ್ಲಿ ಅದನ್ನು ಗೋಡೆಯ ಮೇಲೆ ಬರೆದಿಡಿ. ಬರೆಯುವ ಕೆಲಸ ಮಕ್ಕಳದ್ದು.

ಜುಲೈ ಕೊನೆಯ ವಾರ, ಮಳೆ ಸ್ವಲ್ಪ ಬಿಟ್ಟಿದ್ದ ಒಂದು ಬೆಳಿಗ್ಗೆ ನಾವೆಲ್ಲ ಧಕ್ಕೆಗೆ ಹೋದೆವು. ಅಪ್ಪ ತನ್ನ ಬೋಟಿನಲ್ಲಿ ಹೊಸ ಯಂತ್ರ ಚಾಲೂ ಮಾಡಿದ. ಹುಡುಗಿ, ಅವಳ ಅಜ್ಜ, ನಾನು ಚಿಕ್ಕಪ್ಪನ ಬೋಟಿನ ಪರದೆಯ ಎದುರು ಕುಳಿತೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಹುಡುಗಿ ಉಗುರು ಕಚ್ಚುತ್ತಿದ್ದಳು. ಮೂರು ನಿಮಿಷ ಕಳೆದಿರಬೇಕು, ಒಂದು ಪುಟ್ಟ ತ್ರಿಕೋನ ಮೂಡಿತು. ಪಕ್ಕದಲ್ಲಿ ಹೆಸರಿಲ್ಲ, ಬರೀ ನಂಬರು. 419 ಎಂದು ಶುರುವಾಗುವ ಒಂಬತ್ತು ಅಂಕಿ.

“ಹೆಸರು ಯಾಕೆ ಇಲ್ಲ?” ಎಂದಳು.

“ತಾಳು” ಎಂದೆ. ಇರುವ ಜಾಗವನ್ನು ಹೇಳುವ ಸಂದೇಶ ಬೇರೆ, ಹೆಸರು ಹೇಳುವ ಸಂದೇಶ ಬೇರೆ. ಹೆಸರಿನದ್ದು 6 ನಿಮಿಷಕ್ಕೊಮ್ಮೆ ಮಾತ್ರ ಬರುತ್ತದೆ. ಅವಳ ಅಜ್ಜ ವಾಚು ಬಿಚ್ಚಿ ಅವಳ ಕೈಗೆ ಕೊಟ್ಟರು. ಅವಳು ನಿಮಿಷ ಎಣಿಸತೊಡಗಿದಳು.

ಆ ಬೋಟಿಗೆ ಇಟ್ಟಿರುವುದು ತೀರಿಹೋದ ಅವಳ ಅಜ್ಜಿಯ ಹೆಸರು. ಐದನೇ ನಿಮಿಷ ಮುಗಿಯುವಾಗ ಪರದೆಯ ಮೇಲೆ ನಂಬರು ಹೋಗಿ ಅಕ್ಷರಗಳು ಬಂದವು. ಹುಡುಗಿ ಎದ್ದು ನಿಂತು, ಆಚೆ ಬೋಟಿನಲ್ಲಿದ್ದ ಅಪ್ಪನಿಗೆ ಕೇಳಿಸುವಂತೆ ಕೂಗಿದಳು:

“ಅಪ್ಪಾ, ಅಜ್ಜಿ ಬಂದ್ರು!”